ನಾನು ಸೇರಿಸಿದ ಹಕಾರ

ಆ ಸೋಮವಾರ ಬೆಳಿಗ್ಗೆ ಮೋಟರ್ ವೈಂಡಿಂಗ್ ಅಂಗಡಿಯವರು ನಮ್ಮ ಕಾಲೇಜಿನ ಗಣಿತದ ಕೋಣೆಗೆ ಬಂದಾಗ ನಾನು ಇನ್ನೊಬ್ಬ ತಂದೆಯ ಮೇಲೆ ರೇಗುತ್ತಿದ್ದೆ. ಆ ಪುಣ್ಯಾತ್ಮ ಮಗನ ಸಿಇಟಿ ಪಾಸ್‌ವರ್ಡ್ ಬರೆದಿದ್ದ ಚೀಟಿಯನ್ನು ಅಂಗಿಯ ಜೇಬಿನಲ್ಲೇ ಬಿಟ್ಟು ಒಗೆಯಲು ಹಾಕಿದ್ದರು. ಹಿಟ್ಟಾಗಿದ್ದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದು, ಇದರಲ್ಲಿ ಏನಾದರೂ ಓದಲಿಕ್ಕಾಗುತ್ತದಾ ನೋಡಿ ಎನ್ನುತ್ತಿದ್ದರು. ವೈಂಡಿಂಗಿನವರು ಬಾಗಿಲ ಬಳಿಯೇ ನಿಂತು, ನನ್ನ ಬಾಯಿ ನಿಲ್ಲುವ ತನಕ ಕಾದು, ಆಮೇಲೆ ನಾಲ್ಕು ಮಡಿಕೆಯ ಒಂದು ಕಾಗದವನ್ನು ಮೇಜಿನ ಮೇಲಿಟ್ಟರು.

ಅದು ಅವರ ಹಿಂದೆ ನಿಂತಿದ್ದ ಮಗಳ ಪರಿಶೀಲನಾ ಚೀಟಿ. ಮಕ್ಕಳು ಅರ್ಜಿಯಲ್ಲಿ ಕೇಳಿಕೊಂಡ ಮೀಸಲಾತಿ, ಶುಲ್ಕದ ರಿಯಾಯಿತಿ ಇವುಗಳಲ್ಲಿ ಯಾವುದನ್ನು ಪ್ರಾಧಿಕಾರ ಒಪ್ಪಿಕೊಂಡಿದೆ ಎಂದು ತಿಳಿಸುವ ಕಾಗದ. ಪ್ರವರ್ಗದ ಮುಂದೆ ‘2ಬಿ’ ಎಂದಿರಬೇಕಾದಲ್ಲಿ ‘ಜಿಎಂ’ ಎಂದಿತ್ತು. ಆದಾಯದ ಸಾಲಿನ ಮುಂದೆ ‘ಇಲ್ಲ’ ಎಂದಿತ್ತು. ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ಕಂಪ್ಯೂಟರ್ ಒಪ್ಪಿಲ್ಲ, ಹುಡುಗಿಯನ್ನು ಸಾಮಾನ್ಯ ವರ್ಗಕ್ಕೆ ತಳ್ಳಿದೆ ಎಂದು ಅದರ ಅರ್ಥ. ತಿದ್ದುಪಡಿಗೆ ಶನಿವಾರ ಸಂಜೆ ಐದೂವರೆ ಕಡೆಯ ಗಡುವು.

ನಾನು ಗಣಿತದ ಉಪನ್ಯಾಸಕಿ. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಮಳವಳ್ಳಿಗೆ ಬಂದುಹೋಗುತ್ತೇನೆ. ಸಿಇಟಿ ಕಾಲದಲ್ಲಿ ನನ್ನ ಕೋಣೆಯೇ ಸಹಾಯ ಕೇಂದ್ರ. ಯಾರೂ ನೇಮಿಸಿದ್ದಲ್ಲ. ಪ್ರಾಂಶುಪಾಲರು, ಮಾಡ್ಕೊಳಿ ಮೇಡಂ, ನನ್ನನ್ನೇನೂ ಕೇಳಬೇಡಿ ಎಂದಿದ್ದರು, ನಾನೂ ಕೇಳಿರಲಿಲ್ಲ. ನಮ್ಮ ಕಾಲೇಜಿನ ಮಕ್ಕಳೇ ಆಗಬೇಕೆಂದಿಲ್ಲ, ತಾಲ್ಲೂಕಿನ ಯಾರು ಬಂದರೂ ಕೂರಿಸಿಕೊಂಡು ಅರ್ಜಿ ತುಂಬಿಸುತ್ತಿದ್ದೆ. ವೈಂಡಿಂಗಿನವರ ಮಗಳು ಓದಿದ್ದು ಪೇಟೆಯ ಇನ್ನೊಂದು ಕಾಲೇಜಿನಲ್ಲಿ. ಪಂಪ್‌ಸೆಟ್ಟಿನ ಮೋಟರ್ ಸುಟ್ಟುಕೊಂಡು ಅವರ ಅಂಗಡಿಗೆ ಬಂದ ರೈತರೊಬ್ಬರು, ಆ ಮೇಡಂ ಹತ್ರ ಹೋಗು, ಬೈತಾರೆ, ಆದ್ರೆ ಕೆಲಸ ಮಾಡ್ಕೊಡ್ತಾರೆ ಎಂದು ಜನವರಿಯಲ್ಲೇ ಒಮ್ಮೆ ಕಳಿಸಿದ್ದರಂತೆ.

ಹುಡುಗಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗೇ ಬೇಕಿತ್ತು. ಎಲ್ಲರೂ ಕಂಪ್ಯೂಟರ್ ಸೈನ್ಸ್ ಎಂದು ಬಾಯಿ ಬಾಯಿ ಬಿಡುವಾಗ ಇದೊಂದು ಬೇರೆ. ಅಪ್ಪ ತಾಮ್ರದ ತಂತಿ ಸುತ್ತುವಾಗ ಪಕ್ಕದಲ್ಲಿ ಕೂತು ಸುತ್ತಿನ ಎಣಿಕೆ ಹಿಡಿಯುವುದು ಏಳನೇ ತರಗತಿಯಿಂದ ಅವಳ ಕೆಲಸ. ಅವಳ ರ‍್ಯಾಂಕಿಗೆ 2ಬಿಯಲ್ಲಿ ಸರ್ಕಾರಿ ಕಾಲೇಜಿನ ಸೀಟು ಸಿಗುವುದು ಹೆಚ್ಚುಕಡಿಮೆ ಖಚಿತವಿತ್ತು. ಜಿಎಂನಲ್ಲಿ ಆ ಮಾತೇ ಇಲ್ಲ. ಒಂದರಿಂದ ನಾಲ್ಕರವರೆಗೆ ಮಾತ್ರ ಹಳ್ಳಿಯಲ್ಲಿ ಓದಿದ್ದರಿಂದ ಗ್ರಾಮೀಣ ಮೀಸಲಾತಿಯೂ ಇಲ್ಲ. ಖಾಸಗಿ ಕಾಲೇಜಿನ ಶುಲ್ಕ ಕಟ್ಟುವ ತಾಕತ್ತು ಆ ಅಂಗಡಿಗಿಲ್ಲ. ಈ ಒಂದು ಕಾಗದದಲ್ಲಿ ಎರಡು ಅಕ್ಷರ ಬದಲಾಗದಿದ್ದರೆ ಅವಳು ಅಂಗಡಿಯಲ್ಲೇ ಎಣಿಕೆ ಹಿಡಿಯುತ್ತಾ ಕೂರಬೇಕಿತ್ತು.

ಕಾರಣ ಹುಡುಕಲು ನನಗೆ ಎರಡು ನಿಮಿಷ ಸಾಕಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ‘ಅಲೀಮಾ’. ನಾಡಕಚೇರಿ ಕೊಟ್ಟ ಪ್ರಮಾಣಪತ್ರದಲ್ಲಿ ‘ಹಲೀಮಾ’. ಪ್ರಮಾಣಪತ್ರದ ಆರ್.ಡಿ. ನಂಬರನ್ನು ಹಾಕಿದಾಗ ಕಂಪ್ಯೂಟರು ಎರಡು ಹೆಸರನ್ನು ಹೋಲಿಸಿದೆ, ಬೇರೆ ಬೇರೆ ಎಂದಿದೆ. ಮುಗಿಯಿತು.

ಆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವಳು ನಾನೇ, ಜನವರಿಯಲ್ಲಿ. ತಂದೆ ಮಗಳು ಇಬ್ಬರೂ ಬಂದಿದ್ದರು. ತಂದೆ ‘ಅಲೀಮಾ’ ಎಂದರು. ಆಧಾರಿನಲ್ಲೂ ಹಾಗೇ ಇತ್ತು. ನಾನು ನಕ್ಕು ‘ಹಲೀಮಾ’ ಎಂದು ಹೊಡೆದೆ. ಆಧಾರಿನಲ್ಲಿ ಕಾಗುಣಿತ ತಪ್ಪಿದೆ, ನಂತರ ತಿದ್ದಿಸಲಾಗುವುದು ಎಂದು ಷರಾ ಬೇರೆ ಬರೆದೆ. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ. ಅದರ ಹಿಂದಿನ ವರ್ಷ ಒಬ್ಬ ಹುಡುಗಿಯ ಅಂಕಪಟ್ಟಿಯಲ್ಲಿ ಹೇಮಾವತಿ ‘ಏಮಾವತಿ’ ಆಗಿಬಿಟ್ಟಿದ್ದಳು. ಐದನೇ ತರಗತಿಗೆ ಸೇರಿಸುವಾಗ ಟೀಸಿ ನೋಡದೆ ಅಜ್ಜ ಹೇಳಿದ್ದನ್ನೇ ಮೇಷ್ಟ್ರು ಬರೆದುಕೊಂಡಿದ್ದರು. ಅವಳ ಮೀಸಲಾತಿ ಉಳಿಸಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು.

ಹಕಾರದ ವಿಷಯದಲ್ಲಿ ನನಗೆ ಇನ್ನೊಂದು ಹಳೆಯ ಗಾಯವೂ ಇದೆ. ನನ್ನ ಊರು ಆತಗೂರಿನ ಪಕ್ಕದ ಹಳ್ಳಿ. ಓದಲು ಮೈಸೂರಿನ ಹಾಸ್ಟೆಲಿಗೆ ಹೋದ ಮೊದಲ ವಾರ, ನಾನು ರಾತ್ರಿ ಆಲು ಕುಡೀತೀನಿ ಎಂದೆ. ಕೋಣೆಯ ಗೆಳತಿಯರು, ಆಲೂಗಡ್ಡೆ ಕುಡೀತಾಳಂತೆ ಕಣ್ರೇ ಎಂದು ವರ್ಷವಿಡೀ ಆಡಿಕೊಂಡರು. ಕನ್ನಡಿ ಮುಂದೆ ನಿಂತು ಹಾಲು, ಹೂವು, ಹಳ್ಳಿ ಎಂದು ಗಟ್ಟಿ ಮಾಡಿದವಳು ನಾನು. ಆಮೇಲೆ ಊರಿಗೆ ಹೋದಾಗ ಅಮ್ಮನ ಮಾತನ್ನೂ ತಿದ್ದಲು ಶುರುಮಾಡಿದೆ. ಅಮ್ಮ, ಓದ್ಬುಟ್ಟು ನಾಲ್ಗೆ ಉದ್ದ ಆಗದೆ ಎಂದು ನನ್ನ ಜೊತೆ ಮಾತೇ ಕಡಿಮೆ ಮಾಡಿದ್ದಳು. ನನಗೆ ಬುದ್ಧಿ ಬರಲಿಲ್ಲ.

ಆದ್ದರಿಂದ ಆ ಸೋಮವಾರ ನನ್ನ ಮನಸ್ಸಿಗೆ ತಪ್ಪೆಲ್ಲಿದೆ ಎಂಬ ಅನುಮಾನವೇ ಬರಲಿಲ್ಲ. ಅಂಕಪಟ್ಟಿ ತಪ್ಪು, ಪ್ರಮಾಣಪತ್ರ ಸರಿ. ವೈಂಡಿಂಗಿನವರನ್ನು ನಿಲ್ಲಿಸಿಕೊಂಡೇ ಬೈದೆ. ಸ್ಕೂಲಿಗೆ ಸೇರಿಸುವಾಗ ಹೆಸರೊಂದು ಸರಿಯಾಗಿ ಹೇಳಲಿಲ್ಲವಾ, ಆಧಾರ್ ತಿದ್ದಿಸಿ ಎಂದು ಅಂದೇ ಬಡ್ಕೊಂಡೆನಲ್ಲ, ಈಗ ಕೊನೇ ಗಳಿಗೆಯಲ್ಲಿ ಓಡಿ ಬಂದರೆ ನಾನೇನು ಮಂತ್ರ ಹಾಕಲಾ ಎಂದೆಲ್ಲ ಅಂದೆ. ಅವರು ಕತ್ತು ಬಗ್ಗಿಸಿ ಉಗುರಿಗಂಟಿದ್ದ ವಾರ್ನಿಷನ್ನು ಕೆರೆಯುತ್ತಾ ನಿಂತಿದ್ದರು. ಮಗಳು ಒಂದು ಹೆಜ್ಜೆ ಮುಂದೆ ಬಂದು ಏನೋ ಹೇಳಲು ಬಾಯಿ ತೆರೆದಳು. ನಾನು ಕೈಯೆತ್ತಿ ತಡೆದೆ, ನನಗೆ ಫೋನು ಬಂದಿತ್ತು.

ಹೊಸ ಪ್ರಮಾಣಪತ್ರ ಮಾಡಿಸಲು ಕಡಿಮೆಯೆಂದರೂ ಎರಡು ವಾರ. ಅದಕ್ಕೆ ಹೋಗುವುದು ಬೇಡ ಎಂದು ನನ್ನ ಲೆಕ್ಕಾಚಾರ. ಹೇಮಾವತಿಯ ವಿಷಯದಲ್ಲಿ ಗೆದ್ದ ದಾರಿ ಒಂದಿತ್ತು. ಮಗು ಮೊದಲು ಸೇರಿದ ಶಾಲೆಯ ದಾಖಲಾತಿ ಪುಸ್ತಕದ ನಕಲು ಮತ್ತು ಅಂಕಪಟ್ಟಿ ತಿದ್ದುಪಡಿಗೆ ಹೋಗಿದೆ ಎಂಬ ಹೆಡ್ಮಾಸ್ಟರ ಪತ್ರ, ಇವೆರಡನ್ನು ಮಂಡ್ಯದ ಪರಿಶೀಲನಾ ಕೇಂದ್ರದಲ್ಲಿ ತೋರಿಸಿದರೆ ಒಪ್ಪಿಕೊಂಡಿದ್ದರು. ಅದೇ ಕುದುರೆ ಹತ್ತಿದೆ.

ಮಂಗಳವಾರವೆಲ್ಲ ಅದರಲ್ಲೇ ಹೋಯಿತು. ಪ್ರೌಢಶಾಲೆಯ ಹೆಡ್ಮಾಸ್ಟರು ತಮ್ಮ ಪುಸ್ತಕ ತೆಗೆದರು. ಅದರಲ್ಲಿ ‘ಅಲೀಮಾ’. ಮಾಧ್ಯಮಿಕ ಶಾಲೆಯಿಂದ ಬಂದ ಟೀಸಿ ನೋಡಿ ಬರೆದದ್ದು, ನಮ್ಮದೇನಿಲ್ಲ ಎಂದರು. ಮಾಧ್ಯಮಿಕ ಶಾಲೆಗೆ ಹೋದರೆ ಅಲ್ಲಿಯೂ ‘ಅಲೀಮಾ’, ಅಲ್ಲಿಯೂ ಟೀಸಿ ನೋಡಿ ಬರೆದದ್ದೇ. ಒಂದನೇ ತರಗತಿಗೆ ಸೇರಿದ್ದೆಲ್ಲಿ ಎಂದು ಹುಡುಗಿಯನ್ನು ಕೇಳಿದೆ. ಬ್ಲಫ್‌ನಲ್ಲಿ ಎಂದಳು. ಅವಳ ತಾಯಿಯ ತಂದೆ ಅಲ್ಲಿಯ ಶಿವನಸಮುದ್ರ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರಂತೆ, ಈಗ ಇಲ್ಲ. ಅಜ್ಜಿ ಅಲ್ಲೇ ಮಗನ ಜೊತೆ ಇದ್ದಾರಂತೆ. ನಾಲ್ಕು ವರ್ಷ ಇವಳು ಅಜ್ಜಿಯ ಮನೆಯಿಂದ ಶಾಲೆಗೆ ಹೋಗಿದ್ದಳು.

ಬುಧವಾರ ಒಂದು ದಿನದ ರಜೆ ಬರೆದುಕೊಟ್ಟು ಹುಡುಗಿಯನ್ನು ಕರೆದುಕೊಂಡು ಬ್ಲಫ್ ಬಸ್ಸು ಹತ್ತಿದೆ. ಅಪ್ಪನಿಗೆ ಅಂಗಡಿಯಲ್ಲಿ ನಾಲ್ಕು ಮೋಟರು ಬಿಚ್ಚಿ ಕೂತಿದ್ದವು, ನಾಟಿಯ ಕಾಲ, ರೈತರು ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡೆರಡು ನಿಮಿಷಕ್ಕೆ ಗಡಿಯಾರ ನೋಡುವುದು, ಡ್ರೈವರ್ ಟೀ ಕುಡಿಯಲು ಇಳಿದರೆ ಬೈಯುವುದು. ಹುಡುಗಿ ಮಾತ್ರ ಕಿಟಕಿಯಾಚೆ ಕಂಬಗಳ ತಂತಿ ನೋಡುತ್ತಾ ಕೂತಿದ್ದಳು. ನಿನಗೆ ಭಯ ಆಗುತ್ತಿಲ್ಲವಾ ಎಂದೆ. ಆಗ್ತಿದೆ ಮಿಸ್ ಎಂದಳು, ಅಷ್ಟೇ.

ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಧೂಳು ಹಿಡಿದ ಬೀರು ತೆಗೆಸಿ, ಹಳೆಯ ದಾಖಲಾತಿ ಪುಸ್ತಕ ಹುಡುಕಿಸಿದರು. ಪುಟವನ್ನು ನಾನೇ ತಿರುಗಿಸಿದೆ. ಗುಂಡು ಗುಂಡಾದ ಅಕ್ಷರದಲ್ಲಿ ‘ಅಲೀಮಾ’ ಎಂದಿತ್ತು. ಎದುರಿಗೆ ಪೋಷಕರ ಜಾಗದಲ್ಲಿ ಅಜ್ಜಿಯ ಉರ್ದು ಸಹಿ.

ಇಲ್ಲೂ ತಿಂದಿದ್ದಾರಲ್ಲ ಹಕಾರವನ್ನ ಎಂದು ನಾನು ಗಟ್ಟಿಯಾಗಿಯೇ ಅಂದೆ. ಸಹಿ ಹಾಕಿದ ಅಜ್ಜಿಯಿಂದಲೇ ಹೆಸರು ತಪ್ಪಾಗಿ ಬರೆಸಲಾಗಿದೆ ಎಂದು ಒಂದು ಹೇಳಿಕೆ ಬರೆಸಿಕೊಂಡರೆ ಹೇಗೆ ಎಂದು ತಲೆ ಓಡುತ್ತಿತ್ತು. ಅಜ್ಜಿಯ ಮನೆ ಹತ್ತಿರವೇ. ಮನೆಯ ಮುಂದೆ ಕುರ್ಚಿ ಹಾಕಿ, ನೀರು ಕೊಟ್ಟು, ಆಮೇಲೆ ಏನು ಬಂದಿರಿ ಎಂದು ಕೇಳಿದರು. ನಾನು ಕಾಗದ ಪೆನ್ನು ತೆಗೆದು ವಿವರಿಸಿದೆ. ಮೊಮ್ಮಗಳ ಹೆಸರು ಹಲೀಮಾ ಅಂತ ಆಗಬೇಕಿತ್ತು, ನೀವು ಬಾಯಲ್ಲಿ ಹೇಳಿದ್ದಕ್ಕೆ ಅಲೀಮಾ ಎಂದು ಬರೆದುಬಿಟ್ಟಿದ್ದಾರೆ ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದರು. ಮೊಮ್ಮಗಳ ಮುಖ ನೋಡಿದರು. ಆಮೇಲೆ ಹೇಳಿದರು:

“ಯಾರ್ ಯೋಳಿದ್ದು ನಿಮ್ಗೆ? ಅವ್ಳ ಎಸ್ರು ಅಲೀಮಾನೇ ಕಣಮ್ಮ. ಅಲೀಮಾ ಅಂದ್ರೆ ತಿಳ್ದೋಳು. ಹಲೀಮಾ ಅಂದ್ರೆ ತಾಳ್ಕೊಳೋಳು. ಎರ್ಡೂ ಒಳ್ಳೇ ಎಸ್ರೇ. ನಮ್ ಯಜಮಾನ್ರು ಅಲೀಮಾನೇ ಇರ್ಲಿ ಅಂದ್ರು. ತಾಳ್ಕೊಳೋರು ಈ ಮನೇಲಿ ಬೇಕಾದಷ್ಟ್ ಜನ ಅವ್ರೆ ಬುಡು ಅಂದ್ರು.”

ಹೆಸರನ್ನು ‘ಎಸ್ರು’ ಎಂದ ಅದೇ ಬಾಯಲ್ಲಿ ‘ಹಲೀಮಾ’ದ ಹಕಾರ ಗಂಟಲಿನಿಂದ ಪೂರ್ತಿಯಾಗಿ ಬಂತು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಇವರ ಕನ್ನಡದಲ್ಲಿ ಹಕಾರ ಬೀಳುತ್ತದೆ, ನಮ್ಮೆಲ್ಲರಂತೆ. ಇವರ ಹೆಸರುಗಳಲ್ಲಿ ಬೀಳುವುದಿಲ್ಲ. ಜನವರಿಯ ಅರ್ಜಿಯಲ್ಲಿ ತಾಯಿಯ ಹೆಸರು ಕೇಳಿದಾಗ ವೈಂಡಿಂಗಿನವರು ‘ಹಸೀನಾ’ ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನು ಅದನ್ನು ಹಾಗೆಯೇ ಬರೆದಿದ್ದೆ. ಒಂದೇ ಉಸಿರಿನಲ್ಲಿ ಒಂದು ಹಕಾರ ಹೇಳಿದ ಮನುಷ್ಯ ಇನ್ನೊಂದನ್ನು ಯಾಕೆ ನುಂಗುತ್ತಾನೆ ಎಂದು ಗಣಿತ ಕಲಿಸುವ ನನ್ನ ತಲೆಗೆ ಹೊಳೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೂರು ಶಾಲೆಗಳನ್ನೂ ಒಬ್ಬ ಅಪ್ಪನನ್ನೂ ಡೊಂಕು ಮಾಡಿ ಮೂರು ದಿನ ಕಳೆದಿದ್ದೆ. ನಾಚಿಕೆಯಿಂದ ಸಾಯುವಂತಾಯಿತು. ಅಜ್ಜಿ ಕೊಟ್ಟ ಟೀಯನ್ನು ಹೇಗೆ ಕುಡಿದೆನೋ ನೆನಪಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲೇ ಪರಿಚಯದ ನೋಟರಿಯೊಬ್ಬರಿಗೆ ಫೋನು ಮಾಡಿದೆ. ಅವರು ನಕ್ಕರು. ಅಲೀಮಾ ಉರುಫ್ ಹಲೀಮಾ, ಇಬ್ಬರೂ ಒಬ್ಬಳೇ ಎಂದು ಒಂದು ಅಫಿಡವಿಟ್ ಮಾಡಿಸಿ, ಅರ್ಧ ಗಂಟೆ ಕೆಲಸ ಎಂದರು. ಸುಲಭ. ಯಾರ ತಪ್ಪು ಎಂದು ಯಾರೂ ಕೇಳುವುದಿಲ್ಲ. ಆದರೆ ಮಂಡ್ಯದಲ್ಲಿ ಅದನ್ನು ಒಪ್ಪುತ್ತಾರೆಂಬ ಖಾತ್ರಿ ಇರಲಿಲ್ಲ. ಒಪ್ಪಿದರೂ ಆ ಉರುಫ್ ಅವಳ ಬೆನ್ನಿಗೆ ಬೀಳುತ್ತದೆ. ಹಾಸ್ಟೆಲ್ಲಿಗೆ, ವಿದ್ಯಾರ್ಥಿವೇತನಕ್ಕೆ, ನಾಳೆ ನೌಕರಿಗೆ, ಎಲ್ಲೆಲ್ಲೂ ಆ ಅಫಿಡವಿಟ್ ತೋರಿಸುತ್ತಾ ತಿರುಗಬೇಕು. ನನ್ನ ನಾಲಿಗೆಯ ಚಪಲಕ್ಕೆ ಆ ಹುಡುಗಿ ಜೀವಮಾನವಿಡೀ ಎರಡು ಹೆಸರು ಹೊರಬೇಕೇ? ಬೇಡ, ಎರಡು ವಾರದ ಕೆಲಸವಾದರೂ ಬೆನ್ನುಹತ್ತಿ ಪ್ರಮಾಣಪತ್ರವನ್ನೇ ಹೊಸದಾಗಿ ಮಾಡಿಸೋಣ ಎಂದು ಮಳವಳ್ಳಿಯಲ್ಲಿ ಇಳಿದವಳೇ ನೇರವಾಗಿ ನಾಡಕಚೇರಿಗೆ ಹೋದೆ. ವೈಂಡಿಂಗಿನವರಿಗೂ ಅಲ್ಲಿಗೇ ಬರಲು ಹೇಳಿದೆ.

ಅಲ್ಲಿ ಇನ್ನೊಂದು ತೊಡಕು. ಚಾಲ್ತಿಯಲ್ಲಿರುವ ಪ್ರಮಾಣಪತ್ರ ರದ್ದಾಗದೆ ಹೊಸದು ಬರುವುದಿಲ್ಲ. ರದ್ದು ಮಾಡಲು ಕಾರಣ ಬೇಕು. ಕಂಪ್ಯೂಟರ್ ಮುಂದೆ ಕೂತಿದ್ದಾತ ಒಂದು ಸಿದ್ಧ ನಮೂನೆ ಕೊಟ್ಟ. ‘ನಾನು ಅರ್ಜಿ ಸಲ್ಲಿಸುವಾಗ ತಪ್ಪು ಮಾಹಿತಿ ನೀಡಿರುತ್ತೇನೆ, ಇದಕ್ಕೆ ನಾನೇ ಹೊಣೆಗಾರನಾಗಿರುತ್ತೇನೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಅರ್ಜಿದಾರರ ಸಹಿ. ವೈಂಡಿಂಗಿನವರು ಅದನ್ನು ಓದಿದರು, ಜೇಬಿನಿಂದ ಪೆನ್ನು ತೆಗೆದರು.

ಆ ಪೆನ್ನನ್ನು ನಾನು ಕಿತ್ತುಕೊಂಡೆ. ಜಾತಿ ಪ್ರಮಾಣಪತ್ರದ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟೆ ಎಂದು ಒಬ್ಬ ತಂದೆ ಬರೆದುಕೊಟ್ಟರೆ ಅದು ಕಡತದಲ್ಲಿ ಕೂತಿರುತ್ತದೆ. ನಾಳೆ ಯಾರಾದರೂ ತಕರಾರು ತೆಗೆದರೆ ಸುಳ್ಳುಗಾರನಾಗುವುದು ಅವರು. ಅವರು ಹೇಳಿದ್ದು ಸರಿಯಾಗಿತ್ತು. ತಪ್ಪು ಮಾಹಿತಿ ಕೊಟ್ಟವಳು ನಾನು. ಕಚೇರಿಯ ಜಗಲಿಗೆ ಕರೆದುಕೊಂಡು ಹೋಗಿ ಬ್ಲಫ್‌ನಲ್ಲಿ ಆದದ್ದನ್ನು ಹೇಳಿ, ನಿಮ್ಮನ್ನು ಸುಮ್ಮನೆ ಬೈದೆ, ನನ್ನದೇ ತಪ್ಪು ಎಂದೆ. ಮತ್ತೆ, ನಾನು ಹಲೀಮಾ ಎಂದು ಹೊಡೆದಾಗ ನೀವ್ಯಾಕೆ ತಡೆಯಲಿಲ್ಲ ಎಂದು ಕೇಳಿದೆ. ಆಗಲೂ ನನ್ನ ದನಿಯಲ್ಲಿ ಸ್ವಲ್ಪ ಜಬರದಸ್ತು ಇತ್ತು.

“ಸರ್ಕಾರಕ್ಕೆ ಅಂಗೇ ಬರೀಬೇಕೇನೋ ಅಂದ್ಕಂಡೆ ಮೇಡಮ್ಮೋರೆ,” ಎಂದರು. “ಓಗ್ಲಿ ಬುಡಿ. ಸುತ್ತು ಒಂದು ಎಚ್ಚಾದ್ರೆ ಬಿಚ್ಚಿ ಇನ್ನೊಂದಪ ಸುತ್ತೋದು. ಸೈನು ನಾನೇ ಆಕ್ತೀನಿ. ನಿಮ್ದು ಗೌರ್ಮೆಂಟ್ ಕೆಲ್ಸ.”

ಆ ಕೊನೆಯ ಮಾತು ನನ್ನನ್ನು ಕುಟುಕದೆ ಬಿಡಲಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ, ಅನುಮತಿ ಇಲ್ಲದೆ, ಬೇರೆ ಕಾಲೇಜಿನ ಹುಡುಗಿಯ ಅರ್ಜಿ ತುಂಬಿ, ಆಧಾರನ್ನೇ ತಪ್ಪೆಂದು ಷರಾ ಬರೆದವಳು ನಾನು. ಇದನ್ನು ನಾನೇ ಬರೆದುಕೊಟ್ಟರೆ ನೋಟಿಸು ಬರುವುದು ಗ್ಯಾರಂಟಿ. ಜಗಲಿಯ ಮೇಲೆ ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಓಡಾಡಿದೆ. ನನ್ನ ಬಡ್ತಿಯ ಕಡತ ಆಗ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು, ಅದೂ ನೆನಪಾಯಿತು. ಭಯವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಮನುಷ್ಯ ಪೆನ್ನು ತೆಗೆದ ರೀತಿ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಇನ್ನೊಬ್ಬರ ತಪ್ಪಿಗೆ ಸಹಿ ಹಾಕುವುದು ಅವರಿಗೆ ಹೊಸದೇನಲ್ಲ ಎನ್ನುವ ಹಾಗಿತ್ತು ಅದು. ನಮೂನೆಯನ್ನು ಪಕ್ಕಕ್ಕಿಟ್ಟು, ಬಿಳಿ ಹಾಳೆ ತೆಗೆದುಕೊಂಡು, ನನ್ನ ಹುದ್ದೆ ಸಮೇತ ಎಲ್ಲವನ್ನೂ ಬರೆದು ಸಹಿ ಹಾಕಿದೆ.

ಉಪ ತಹಶೀಲ್ದಾರರು ಆ ಹಾಳೆಯನ್ನು ಎರಡು ಸಲ ಓದಿದರು. ಮೇಡಂ, ಇದನ್ನ ಯಾರೂ ಬರೆದುಕೊಡಲ್ಲ, ಅರ್ಜಿದಾರರದ್ದೇ ತಪ್ಪು ಅಂತ ಹಾಕಿದ್ರೆ ಮುಗಿಯುತ್ತಿತ್ತಲ್ಲ ಎಂದರು. ನನಗೆ ಉತ್ತರ ಸಿದ್ಧವಿತ್ತು, ಒಳ್ಳೆಯ ಕನ್ನಡದಲ್ಲಿ. ಬಾಯಿಗೆ ಬಂದದ್ದು ಬೇರೆ.

“ಅವ್ರು ತೆಪ್ಪು ಏಳಿಲ್ಲ ಸಾರ್. ನಾನು ತೆಪ್ಪು ಕೇಳುಸ್ಕಂಡೆ.”

ಎಷ್ಟೋ ವರ್ಷಗಳ ಮೇಲೆ ನನ್ನ ಬಾಯಿಂದ ಹಕಾರ ಬಿದ್ದುಹೋಗಿತ್ತು. ಎತ್ತಿಕೊಳ್ಳಲು ಹೋಗಲಿಲ್ಲ. ಅವರು ನನ್ನ ಮುಖ ನೋಡಿ, ಗ್ರಾಮ ಆಡಳಿತಾಧಿಕಾರಿಯ ವರದಿ ಮತ್ತು ಕಂದಾಯ ನಿರೀಕ್ಷಕರ ಒಪ್ಪಿಗೆ ನಾಳೆ ಸಂಜೆಯೊಳಗೆ ಬಂದರೆ ಶುಕ್ರವಾರ ನೋಡೋಣ ಎಂದರು.

ಗುರುವಾರ ಗ್ರಾಮ ಆಡಳಿತಾಧಿಕಾರಿ ಬೆಳೆ ಸಮೀಕ್ಷೆಗೆಂದು ಗದ್ದೆ ಬಯಲಿನಲ್ಲಿದ್ದರು. ವೈಂಡಿಂಗಿನವರು ಮೊಪೆಡ್ಡಿನಲ್ಲಿ ಹುಡುಕಿಕೊಂಡು ಹೋಗಿ, ಬದುವಿನ ಮೇಲೆ ನಿಲ್ಲಿಸಿ ವಿಷಯ ಹೇಳಿದರಂತೆ. ಆತ ತಲೆ ಚಚ್ಚಿಕೊಂಡರಂತೆ. ಜನವರಿಯಲ್ಲಿ ಸ್ಥಳ ಪರಿಶೀಲನೆಗೆ ಅಂಗಡಿಗೆ ಬಂದಾಗ ಅವರು ‘ಹಲೀಮಾ ಅಲ್ವಾ’ ಎಂದು ಕೇಳಿದ್ದರು, ಇವರು ‘ಹ್ಞೂ, ಅಲೀಮಾ’ ಎಂದಿದ್ದರು. ಇಬ್ಬರಿಗೂ ತಮಗೆ ಬೇಕಾದದ್ದು ಕೇಳಿಸಿತ್ತು. ಮಧ್ಯಾಹ್ನಕ್ಕೆ ವರದಿ ಬಂತು, ಸಂಜೆಗೆ ಕಂದಾಯ ನಿರೀಕ್ಷಕರದೂ ಆಯಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೇ ಹುಡುಗಿಯ ಜೊತೆ ಹೋಗಿ ಕೂತೆ. ಉಪ ತಹಶೀಲ್ದಾರರಿಗೆ ಮಂಡ್ಯದಲ್ಲಿ ಸಭೆ. ಅವರ ಡಿಜಿಟಲ್ ಸಹಿ ಬೀಳಬೇಕಾದರೆ ಕಂಪ್ಯೂಟರಿಗೆ ಚುಚ್ಚುವ ಒಂದು ಸಣ್ಣ ಡೋಂಗಲ್ ಬೇಕು, ಅದು ಅವರ ಜೇಬಿನಲ್ಲಿ. ಊಟದ ಹೊತ್ತಾಯಿತು, ಮೂರಾಯಿತು. ನಾನು ಎದ್ದು ಗೇಟಿನವರೆಗೆ ಹೋಗಿ ಬರುವುದು, ಮತ್ತೆ ಕೂರುವುದು. ಹುಡುಗಿಯ ತಾಯಿ ಡಬ್ಬಿಯಲ್ಲಿ ಅನ್ನ ತಂದಿದ್ದರು. ಮುಚ್ಚಳ ತೆಗೆಯದೆ ಪಕ್ಕಕ್ಕಿಟ್ಟೆ. ನಾಲ್ಕೂಮುಕ್ಕಾಲಿಗೆ ಸಾಹೇಬರ ಜೀಪು ಬಂತು, ಐದಕ್ಕೆ ಕರೆಂಟು ಹೋಯಿತು. ಯುಪಿಎಸ್ ಕೆಟ್ಟು ತಿಂಗಳಾಗಿತ್ತಂತೆ. ಸಾಹೇಬರು ನನ್ನನ್ನು ನೋಡಿ, ಹೋಗಲ್ಲ ಕೂತ್ಕೊಳಿ ಮೇಡಂ ಎಂದು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕಡತದಲ್ಲಿ ಗಾಳಿ ಬೀಸಿಕೊಂಡರು. ಆರಕ್ಕೆ ಹತ್ತು ನಿಮಿಷವಿದ್ದಾಗ ಫ್ಯಾನು ತಿರುಗಿತು. ಹೊಸ ಪ್ರಮಾಣಪತ್ರ ಪ್ರಿಂಟರಿನಿಂದ ಬೆಚ್ಚಗೆ ಹೊರಬಂತು. ನಾನು ಮೊದಲು ಹೆಸರು ಓದಿದೆ, ಅಕ್ಷರ ಅಕ್ಷರವಾಗಿ. ಆಮೇಲೆ ಹುಡುಗಿಯ ಕೈಗೆ ಕೊಟ್ಟು, ನೀನೂ ಓದು ಎಂದೆ.

ಶನಿವಾರ ಮಂಡ್ಯ. ನಾನು ಮದ್ದೂರಿನಿಂದ ಹೋದೆ, ತಂದೆ ತಾಯಿ ಮಗಳು ಮೂವರೂ ಮಳವಳ್ಳಿಯಿಂದ ಬಂದರು. ಪರಿಶೀಲನಾ ಕೇಂದ್ರದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಇಡೀ ಜಿಲ್ಲೆಯ ಕಾಗುಣಿತ ತಪ್ಪುಗಳೆಲ್ಲ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದವು. ಕಾಯುತ್ತಾ ನಿಂತಾಗ ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಸೀಟು ಸಿಕ್ಕರೆ ಹಾಸ್ಟೆಲಿನಲ್ಲಿ ಬಿಡಬೇಕು, ಎಲೆಕ್ಟ್ರಿಕಲ್ ತರಗತಿಯಲ್ಲಿ ಹೆಣ್ಣುಮಕ್ಕಳು ಎಷ್ಟಿರುತ್ತಾರೆ, ಒಬ್ಬಳೇ ಆಗಿಬಿಟ್ಟರೆ ಎಂದು ಕೇಳಿದರು. ಅವರಿಗೆ ಅದೇ ಚಿಂತೆ, ಗಂಡನ ಮುಂದೆ ಆಡಿರಲಿಲ್ಲ. ಒಬ್ಬಳೇ ಇರುವುದಿಲ್ಲ, ಕಡಿಮೆ ಇರಬಹುದು ಎಂದೆ. ಸರ್ಕಾರಿ ಕಾಲೇಜು, ಈ ರಿಯಾಯಿತಿ ಸಿಕ್ಕರೆ ಶುಲ್ಕದಲ್ಲಿ ಕಟ್ಟಬೇಕಾದ್ದು ಅಲ್ಪ, ಉಳಿದದ್ದಕ್ಕೆ ವಿದ್ಯಾರ್ಥಿವೇತನದ ಅರ್ಜಿ ಹಾಕೋಣ, ಹಾಸ್ಟೆಲನ್ನು ಸೇರುವ ಮುಂಚೆ ನೀವೇ ಹೋಗಿ ಕಣ್ಣಾರೆ ನೋಡಿ ಬನ್ನಿ ಎಂದೆ. ನಾನೂ ಹಾಸ್ಟೆಲಿನಲ್ಲಿದ್ದವಳು, ಆಡಿಕೊಳ್ಳುವವರು ಇರುತ್ತಾರೆ, ಆದರೂ ಓದಿ ಬರಬಹುದು ಎಂದೂ ಹೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡರು.

ನಾಲ್ಕು ಗಂಟೆಗೆ ನಮ್ಮ ಸರದಿ. ಕೌಂಟರಿನಾತ ಹಳೆಯ ಪ್ರಮಾಣಪತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕದ ಮೇಲಿಂದ ನೋಡುತ್ತಾ, ಹಲೀಮಾ ಅಂದ್ರೆ ನೀನೇನಾ ಎಂದ. ಉತ್ತರ ಕೊಡಲು ನಾನು ಮುಂದಕ್ಕೆ ಬಗ್ಗುವಷ್ಟರಲ್ಲಿ ಹುಡುಗಿ ಹೇಳಿದಳು, “ಅಲ್ಲ ಸಾರ್. ಅಲೀಮಾ. ಅಕಾರ.” ಆತ ಹೊಸ ಆರ್.ಡಿ. ನಂಬರ್ ಹೊಡೆದ. ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ನಿಂತಿತು. ಹೊಸ ಚೀಟಿಯಲ್ಲಿ 2ಬಿ ಎಂದಿತ್ತು, ಆದಾಯದ ಮುಂದೆ ‘ಹೌದು’ ಎಂದಿತ್ತು. ವೈಂಡಿಂಗಿನವರು ಅದನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಅವಳಿಗೆ ಸಿವಿಲ್ ಬಂತು. ಸೀಟು ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯುವ ಎರಡನೇ ಆಯ್ಕೆಯನ್ನು ಒತ್ತಿಸಿದೆ. ಒತ್ತಿದವಳು ಅವಳೇ, ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಎರಡನೇ ಸುತ್ತಿನಲ್ಲಿ ಸರ್ಕಾರಿ ಕಾಲೇಜಿನಲ್ಲೇ ಎಲೆಕ್ಟ್ರಿಕಲ್ ಸಿಕ್ಕಿತು. ಅದೇ ವಾರ ನನಗೆ ಕಾರಣ ಕೇಳಿ ನೋಟಿಸೂ ಬಂತು. ಉತ್ತರ ಬರೆದೆ. ನಾನು ಬಾಗಿಲಿಗೆ ಹಾಕಿದ್ದ ಸಹಾಯ ಕೇಂದ್ರದ ಬೋರ್ಡನ್ನು ಪ್ರಾಂಶುಪಾಲರು ತೆಗೆಸಿದರು. ಈಗ ಮೇಲಿನವರ ಅನುಮತಿ ಪತ್ರ ತಂದು ಮತ್ತೆ ಹಾಕಿದ್ದೇನೆ, ಆ ಕಥೆ ಬೇರೆ. ಬಡ್ತಿಯ ಕಡತ ಇನ್ನೂ ಯಾವುದೋ ಮೇಜಿನ ಮೇಲಿದೆ.

ಕಾಲೇಜಿಗೆ ಸೇರಲು ಹೊರಡುವ ಮುಂಚಿನ ದಿನ ಅವಳು ನನ್ನ ಕೋಣೆಗೆ ಬಂದಳು. ಅಮ್ಮ ಕಳಿಸಿದ್ದೆಂದು ಒಂದು ಡಬ್ಬಿ ಶಾವಿಗೆ ತಂದಿದ್ದಳು. ಕೂರಿಸಿ ಮಾತಾಡಿಸಿದೆ. ಎದ್ದು ನಿಂತಾಗ, ಇಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇ ಬಿಟ್ಟೆ. ಅಪ್ಪ ಹೋಗಲಿ, ಅವರು ನನಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದರು, ನೀನು ಓದಿದ ಹುಡುಗಿ, ಜನವರಿಯಲ್ಲಿ ಅರ್ಜಿ ತುಂಬುವಾಗ ನಿನ್ನ ಹೆಸರು ಅಲೀಮಾ ಎಂದು ನನಗೆ ಒಂದು ಮಾತು ಹೇಳಬಾರದಿತ್ತಾ ಎಂದೆ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ.

“ಹೇಳ್ದೆ ಮಿಸ್. ಮೂರು ಸಲ ಹೇಳ್ದೆ. ಮೂರು ಸಲಾನೂ ನೀವು, ಬಾಯಿ ತೆಗೆದು ಸರಿಯಾಗಿ ಹ ಅನ್ನು ಅಂತ ಹೇಳಿಕೊಟ್ರಿ. ಅದಕ್ಕೇ ನಾನು ಹಲೀಮಾ ಅಂದೆ. ಆಗ ನೀವು ವೆರಿ ಗುಡ್ ಅಂದ್ರಿ.”

ನನಗೆ ಅದರಲ್ಲಿ ಒಂದು ಸಲವೂ ನೆನಪಿರಲಿಲ್ಲ.